ಅಂಗಡಿಯ ಹಲಗೆಯ ಮೇಲಿಲ್ಲದ ಹೆಸರುಗಳು



ಸೈಕಲ್ ಶಾಪು ಇಲ್ಲದ ಓಣಿಯನ್ನು ಕಾಣುವುದು ನಮ್ಮ ಊರುಗಳಲ್ಲಿ ಒಂದು ಕಾಲಕ್ಕೆ ಅಪರೂಪವಾಗಿತ್ತು. ಬೋಗುಣಿಯ ನೀರಿನಲ್ಲಿ ಟ್ಯೂಬನ್ನು ಅದ್ದಿ ಗುಳ್ಳೆ ಏಳುವ ಜಾಗವನ್ನು ಹುಡುಕುವ ಹುಡುಗ, ಕಡ್ಡಿಗಳನ್ನು ಒಂದೊಂದಾಗಿ ಬಿಗಿದು ಚಕ್ರದ ಓರೆಯನ್ನು ತಿದ್ದುವ ಮೇಸ್ತ್ರಿ, ಗಂಟೆಯ ಲೆಕ್ಕದ ಬಾಡಿಗೆಯನ್ನು ಪುಸ್ತಕದಲ್ಲಿ ಗುರುತು ಮಾಡಿಕೊಳ್ಳುವ ಮಾಲೀಕ, ಮಧ್ಯಾಹ್ನದ ಹೊತ್ತಿಗೆ ಬುತ್ತಿ ಕಳುಹಿಸುವ ಮನೆಯ ಹೆಣ್ಣುಮಕ್ಕಳು, ಇಷ್ಟು ಜನರ ದುಡಿಮೆ ಸೇರಿ ಒಂದು ಅಂಗಡಿಯಾಗುತ್ತದೆ. ಆದರೆ ಬಾಗಿಲ ಮೇಲಿನ ಹಲಗೆಯಲ್ಲಿ ಬರೆದಿರುವುದು ಒಂದೇ ಹೆಸರು. ಹಾದು ಹೋಗುವವರು ಆ ಹೆಸರನ್ನು ಓದುತ್ತಾರೆ. ಅದರ ಹಿಂದಿರುವವರನ್ನು ಕೇಳುವವರು ವಿರಳ.

ಈ ತಿಂಗಳು ಅಂತಹುದೇ ಒಂದು ಓಣಿಯ ಸೈಕಲ್ ಅಂಗಡಿಯ ವೃತ್ತಾಂತವನ್ನು ತಮ್ಮ ಮುಂದಿಡಲು ಬಯಸುತ್ತೇನೆ. ಆ ಅಂಗಡಿ ಇದ್ದುದು ಅಮೆರಿಕ ದೇಶದ ಒಹಾಯೊ ರಾಜ್ಯದ ಡೇಟನ್ ನಗರದಲ್ಲಿ. ಅದರ ಹಲಗೆಯ ಮೇಲಿದ್ದ ಹೆಸರು ‘ರೈಟ್ ಸೈಕಲ್ ಕಂಪನಿ’. ವಿಲ್ಬರ್ ರೈಟ್ ಮತ್ತು ಆರ್ವಿಲ್ ರೈಟ್ ಎಂಬ ಸಹೋದರರು 1903ರಲ್ಲಿ ಮೊದಲ ವಿಮಾನವನ್ನು ಹಾರಿಸಿದರೆಂಬುದನ್ನು ಶಾಲೆಯ ಮೆಟ್ಟಿಲು ಹತ್ತಿದ ಮಕ್ಕಳೆಲ್ಲ ಬಲ್ಲರು. ಆ ವಿಮಾನ ಒಂದು ಸೈಕಲ್ ಅಂಗಡಿಯಲ್ಲಿ ರೂಪುಗೊಂಡಿತೆಂಬುದನ್ನು ಬಲ್ಲವರು ಅದಕ್ಕಿಂತ ಕಡಿಮೆ. ಆ ಅಂಗಡಿಗೂ ಆ ಮನೆಗೂ ಬೆನ್ನು ಕೊಟ್ಟು ನಿಂತ ಜನರನ್ನು ಬಲ್ಲವರಂತೂ ಬಹಳ ಕಡಿಮೆ. ಆ ಜನರ ಪರಿಚಯವೇ ಇಂದಿನ ಬರಹದ ಉದ್ದೇಶ.

ಮನೆ ಮತ್ತು ಮನೆಯವರು

ಡೇಟನ್ ನಗರದ ಪಶ್ಚಿಮ ಭಾಗದಲ್ಲಿ ಹಾಥಾರ್ನ್ ಬೀದಿಯ 7ನೆಯ ನಂಬರಿನ ಮನೆ ರೈಟ್ ಕುಟುಂಬದ್ದು. ತಂದೆ ಮಿಲ್ಟನ್ ರೈಟ್ ಅವರು ಕ್ರೈಸ್ತ ಸಂಪ್ರದಾಯವೊಂದರ ಬಿಷಪ್ಪರು. ಧರ್ಮಕಾರ್ಯದ ನಿಮಿತ್ತ ಊರೂರು ಸಂಚರಿಸುತ್ತಿದ್ದವರು. ಮನೆಯಲ್ಲಿ ಪುಸ್ತಕಗಳಿಗೆ ಬರವಿರಲಿಲ್ಲ. ತಾಯಿ ಸೂಸನ್ ಅವರು ಗಾಡಿ ತಯಾರಿಸುವ ಕಸುಬುದಾರರ ಮಗಳು. ತವರಿನ ಕಮ್ಮಟದಲ್ಲಿ ಉಪಕರಣಗಳ ನಡುವೆ ಬೆಳೆದ ಆ ತಾಯಿ ಮುರಿದ ಸಾಮಾನನ್ನು ತಾವೇ ಸರಿಪಡಿಸುತ್ತಿದ್ದರು. ಮಕ್ಕಳಿಗೆ ಆಟಿಕೆಗಳನ್ನು ಕೈಯಾರೆ ಮಾಡಿಕೊಡುತ್ತಿದ್ದರು. ಮಕ್ಕಳ ಕೈಗೆ ಬಂದ ಯಂತ್ರಕೌಶಲ ಬಿಷಪ್ಪರ ಕಡೆಯಿಂದ ಬಂದುದಲ್ಲ, ತಾಯಿಯ ಕಡೆಯಿಂದ ಬಂದುದು ಎಂದು ಆ ಕುಟುಂಬದ ಚರಿತ್ರೆಯನ್ನು ಬರೆದವರೆಲ್ಲರೂ ಒಪ್ಪುತ್ತಾರೆ.

1878ರಲ್ಲಿ ತಂದೆಯವರು ಮಕ್ಕಳಿಗೆಂದು ಒಂದು ಆಟಿಕೆಯನ್ನು ತಂದರು. ಬೆಂಡು, ಬಿದಿರು, ಕಾಗದಗಳಿಂದ ಮಾಡಿದ ಆ ಪುಟ್ಟ ವಸ್ತು ರಬ್ಬರಿನ ಎಳೆಯನ್ನು ಹುರಿಗೊಳಿಸಿ ಬಿಟ್ಟರೆ ಮೇಲಕ್ಕೆ ಹಾರುತ್ತಿತ್ತು. ಹಾರಾಟದ ಕುತೂಹಲ ಮೊಳೆತದ್ದು ಅಂದು ಎಂದು ಸಹೋದರರು ಮುಂದೆ ಹೇಳಿಕೊಂಡಿದ್ದಾರೆ.

ಹದಿಹರೆಯದಲ್ಲಿ ವಿಲ್ಬರನಿಗೆ ಮಂಜಿನ ಮೇಲಿನ ಚೆಂಡಾಟದಲ್ಲಿ ಮುಖಕ್ಕೆ ಬಲವಾದ ಪೆಟ್ಟು ತಗಲಿ ಮುಂದಿನ ಹಲ್ಲುಗಳು ಹೋದವು. ಹೆಚ್ಚಿನ ವಿದ್ಯಾಭ್ಯಾಸದ ಯೋಚನೆ ಅಲ್ಲಿಗೇ ನಿಂತಿತು. ಅದೇ ವರ್ಷಗಳಲ್ಲಿ ತಾಯಿಗೆ ಕ್ಷಯರೋಗ ತಗಲಿತು. ಮನೆಯಲ್ಲೇ ಉಳಿದ ವಿಲ್ಬರ್ ತಾಯಿಯ ಶುಶ್ರೂಷೆಯ ಭಾರವನ್ನು ಹೊತ್ತುಕೊಂಡ; ಉಳಿದ ವೇಳೆಯನ್ನು ತಂದೆಯ ಪುಸ್ತಕಗಳ ನಡುವೆ ಕಳೆದ. 1889ರ ಜುಲೈ 4ರಂದು ಆ ತಾಯಿ ತೀರಿಕೊಂಡಾಗ ಕೊನೆಯ ಮಗಳು ಕ್ಯಾಥರೀನಳಿಗೆ ಇನ್ನೂ ಹದಿನೈದು ತುಂಬಿರಲಿಲ್ಲ. ಎಲ್ಲರಿಗಿಂತ ಹಿರಿಯ ಅಣ್ಣ ಬೇರೆ ಸಂಸಾರ ಹೂಡಿದ್ದರು. ಪ್ರವಾಸದಲ್ಲಿರುವ ತಂದೆ, ಮದುವೆಯಾಗದ ಇಬ್ಬರು ಅಣ್ಣಂದಿರು, ಇವರ ಮನೆಯನ್ನು ನಡೆಸುವ ಹೊಣೆ ಆ ಬಾಲಿಕೆಯ ಹೆಗಲಿಗೆ ಬಂದಿತು.

ಅಂಗಡಿ ತೆರೆದ ಬಗೆ

ಎರಡೂ ಚಕ್ರಗಳು ಒಂದೇ ಅಳತೆಯಲ್ಲಿರುವ, ಗಾಳಿ ತುಂಬಿದ ಟಯರಿನ ಸೈಕಲ್ಲು ಆ ಕಾಲಕ್ಕೆ ಹೊಸತು. ಅಮೆರಿಕದ ಊರುಗಳೆಲ್ಲ ಸೈಕಲ್ಲಿನ ಮೋಹದಲ್ಲಿ ಮುಳುಗಿದ್ದ ದಿನಗಳವು. 1892ರಲ್ಲಿ ಆರ್ವಿಲ್ 160 ಡಾಲರು ಕೊಟ್ಟು ಹೊಸ ಸೈಕಲ್ಲನ್ನು ಕೊಂಡರು. ಮಿತವ್ಯಯಿಯಾದ ವಿಲ್ಬರ್ 80 ಡಾಲರಿಗೆ ಬಳಸಿದ ಸೈಕಲ್ಲನ್ನು ಕೊಂಡರು. ಅದಕ್ಕೆ ಮೊದಲೇ ಸಣ್ಣ ಮುದ್ರಣಾಲಯ ನಡೆಸುತ್ತಿದ್ದ ಸಹೋದರರ ಬಳಿಗೆ ನೆರೆಹೊರೆಯವರು ತಮ್ಮ ಸೈಕಲ್ಲುಗಳ ದುರಸ್ತಿಗೆ ಬರತೊಡಗಿದರು. ಆ ವರ್ಷದ ಕೊನೆಯಲ್ಲಿ ಪಶ್ಚಿಮ ಮೂರನೆಯ ಬೀದಿಯಲ್ಲಿ ಒಂದು ಮಳಿಗೆಯನ್ನು ಬಾಡಿಗೆಗೆ ಹಿಡಿದರು. ಮಾರಾಟ, ದುರಸ್ತಿ, ಬಾಡಿಗೆ ಮೂರೂ ಅಲ್ಲಿ ನಡೆಯುತ್ತಿದ್ದವು. ಸ್ಥಳಗಳನ್ನು ಬದಲಿಸುತ್ತ 1895ರಲ್ಲಿ ದಕ್ಷಿಣ ವಿಲಿಯಮ್ಸ್ ಬೀದಿಯ 22ನೆಯ ನಂಬರಿಗೂ, 1897ರಲ್ಲಿ ಪಶ್ಚಿಮ ಮೂರನೆಯ ಬೀದಿಯ 1127ನೆಯ ನಂಬರಿಗೂ ಅಂಗಡಿ ಬಂದಿತು. ಇವೆಲ್ಲವೂ ಮನೆಯಿಂದ ಕಾಲ್ನಡಿಗೆಯ ದೂರದಲ್ಲಿದ್ದವು.

1896ರಿಂದ ಸ್ವಂತ ಸೈಕಲ್ಲುಗಳನ್ನೂ ತಯಾರಿಸತೊಡಗಿದರು. ಒಂದು ಮಾದರಿಗೆ ‘ವ್ಯಾನ್ ಕ್ಲೀವ್’ ಎಂದು ಹೆಸರು; ಅದು ಡೇಟನ್ನಿಗೆ ಮೊದಲು ಬಂದು ನೆಲೆಸಿದವರಲ್ಲಿ ಸೇರಿದ ಅವರ ಪೂರ್ವಿಕರ ಮನೆತನದ ಹೆಸರು. ಕಡಿಮೆ ಬೆಲೆಯ ಇನ್ನೊಂದು ಮಾದರಿ ‘ಸೇಂಟ್ ಕ್ಲೇರ್’. ಬೃಹತ್ ಕಾರ್ಖಾನೆಗಳು ಸಾವಿರಗಟ್ಟಲೆ ಸೈಕಲ್ಲುಗಳನ್ನು ಹೊರಹಾಕುತ್ತಿದ್ದಾಗ ಇವರು ಗಿರಾಕಿಯ ಬೇಡಿಕೆಯಂತೆ ಒಂದೊಂದನ್ನೇ ಕೈಯಿಂದ ಜೋಡಿಸುತ್ತಿದ್ದರು. ಧೂಳು ಹೊಗದಂತೆ ತಾನೇ ಎಣ್ಣೆ ಉಣಿಸಿಕೊಳ್ಳುವ ಚಕ್ರದ ಹಬ್ಬು ಇವರ ಸ್ವಂತ ರಚನೆ. ಅಂಗಡಿಯ ಯಂತ್ರಗಳನ್ನು ನಡೆಸಲು ಅನಿಲದಿಂದ ಓಡುವ ಒಂದು ಸಿಲಿಂಡರಿನ ಎಂಜಿನ್ನನ್ನೂ ತಾವೇ ಕಟ್ಟಿಕೊಂಡಿದ್ದರು. ಒಂದು ಲೇತು, ಒಂದು ತೂತು ಕೊರೆಯುವ ಯಂತ್ರ, ತಲೆಯ ಮೇಲೆ ಓಡುವ ಬೆಲ್ಟುಗಳು, ಇಷ್ಟೇ ಅವರ ಯಂತ್ರಸಂಪತ್ತು.

ಈ ಅಂಗಡಿಗೂ ಹಾರಾಟಕ್ಕೂ ಏನು ಸಂಬಂಧವೆಂದು ತಾವು ಕೇಳಬಹುದು. ಸಂಬಂಧ ಬಹಳ ಆಳವಾದುದು. ಆ ಕಾಲದ ಬಹುಮಂದಿ ವಿದ್ವಾಂಸರು ವಿಮಾನವೆಂದರೆ ತನ್ನಷ್ಟಕ್ಕೆ ತಾನೇ ಸ್ಥಿರವಾಗಿ ಸಾಗಬೇಕಾದ ವಾಹನವೆಂದು ಭಾವಿಸಿದ್ದರು. ಸೈಕಲ್ಲನ್ನು ಬಲ್ಲ ಈ ಸಹೋದರರಿಗೆ ಬೇರೊಂದು ಸತ್ಯ ತಿಳಿದಿತ್ತು. ನಿಲ್ಲಿಸಿದರೆ ಸೈಕಲ್ಲು ಬೀಳುತ್ತದೆ. ಸವಾರನು ಕ್ಷಣಕ್ಷಣಕ್ಕೂ ವಾಲುತ್ತ, ಹ್ಯಾಂಡಲನ್ನು ತಿರುಗಿಸುತ್ತ ಅದನ್ನು ಎತ್ತಿ ಹಿಡಿಯುತ್ತಾನೆ. ಗಾಳಿಯಲ್ಲಿಯೂ ಹಾಗೆಯೇ, ಸಮತೋಲವೆಂಬುದು ಚಾಲಕನ ಕೈಯಲ್ಲಿರಬೇಕು ಎಂಬುದೇ ಅವರ ಮೂಲಚಿಂತನೆ. 1899ರಲ್ಲಿ ಟ್ಯೂಬು ಕೊಳ್ಳಲು ಬಂದ ಗಿರಾಕಿಯೊಡನೆ ಮಾತನಾಡುತ್ತ ವಿಲ್ಬರ್ ಬರಿದಾದ ರಟ್ಟಿನ ಡಬ್ಬಿಯನ್ನು ಕೈಯಲ್ಲಿ ತಿರುಚುತ್ತಿದ್ದರು. ಡಬ್ಬಿಯ ತುದಿಗಳು ಒಂದಕ್ಕೊಂದು ವಿರುದ್ಧವಾಗಿ ಹೊರಳಿದರೂ ಅದರ ಗಟ್ಟಿತನ ಕೆಡಲಿಲ್ಲವೆಂಬುದು ಕಣ್ಣಿಗೆ ಬಿತ್ತು. ಎರಡು ಅಂತಸ್ತಿನ ರೆಕ್ಕೆಗಳನ್ನು ಹೀಗೆಯೇ ತಿರುಚಿದರೆ ವಿಮಾನವನ್ನು ಎಡಕ್ಕೂ ಬಲಕ್ಕೂ ವಾಲಿಸಬಹುದೆಂಬ ಉಪಾಯ ಹೊಳೆದದ್ದು ಅಂದೇ.

1901ರಲ್ಲಿ ಇವರ ಗ್ಲೈಡರು ನಿರೀಕ್ಷಿಸಿದಂತೆ ಏಳದಿದ್ದಾಗ, ಹಿಂದಿನವರಿಂದ ನಂಬಿಕೊಂಡು ಬಂದ ಅಂಕಿಗಳನ್ನೇ ಪರೀಕ್ಷಿಸಲು ಹೊರಟರು. ಮೊದಲು ಸೈಕಲ್ಲಿನ ಹ್ಯಾಂಡಲಿನ ಮುಂದೆ ಮೂರನೆಯ ಚಕ್ರವೊಂದನ್ನು ಅಡ್ಡಲಾಗಿ ಕೂರಿಸಿ, ಅದಕ್ಕೆ ಲೋಹದ ತಗಡುಗಳನ್ನು ಕಟ್ಟಿ, ಬೀದಿಯಲ್ಲಿ ಜೋರಾಗಿ ತುಳಿದು ನೋಡಿದರು. ಆಮೇಲೆ ಅಂಗಡಿಯಲ್ಲೇ ಆರು ಅಡಿ ಉದ್ದದ ಮರದ ಪೆಟ್ಟಿಗೆಯನ್ನು ಮಾಡಿ ಒಂದು ತುದಿಯಿಂದ ಫ್ಯಾನಿನ ಗಾಳಿ ಹಾಯಿಸಿ, ಸುಮಾರು 200 ಬಗೆಯ ಪುಟ್ಟ ರೆಕ್ಕೆಗಳನ್ನು ಅದರೊಳಗಿಟ್ಟು ಪರೀಕ್ಷಿಸಿದರು. ಅಳತೆಯ ತಕ್ಕಡಿಗಳನ್ನು ಮಾಡಿದ್ದು ಗರಗಸದ ಹಳೆಯ ಅಲಗುಗಳಿಂದ ಮತ್ತು ಸೈಕಲ್ಲಿನ ಕಡ್ಡಿಗಳಿಂದ. ಅದೇ ಕಾಲದಲ್ಲಿ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಸ್ಯಾಮ್ಯುಯೆಲ್ ಲ್ಯಾಂಗ್ಲಿ ಎಂಬ ಪ್ರಖ್ಯಾತ ವಿಜ್ಞಾನಿಗೆ ಸರ್ಕಾರದ ಯುದ್ಧಖಾತೆ 50,000 ಡಾಲರುಗಳನ್ನು ಕೊಟ್ಟಿತ್ತು. ಅವರ ಯಂತ್ರ 1903ರ ಅಕ್ಟೋಬರಿನಲ್ಲೂ ಡಿಸೆಂಬರಿನಲ್ಲೂ ಪೊಟೋಮ್ಯಾಕ್ ನದಿಗೆ ಬಿದ್ದಿತು. ರೈಟ್ ಸಹೋದರರಿಗಿದ್ದ ಅನುದಾನವೆಂದರೆ ಅಂಗಡಿಯ ಲಾಭ ಮಾತ್ರ. ಬೇಸಿಗೆಯಲ್ಲಿ ಸೈಕಲ್ಲಿನ ವ್ಯಾಪಾರ, ಶರತ್ಕಾಲದಲ್ಲಿ ಉತ್ತರ ಕೆರೊಲಿನಾದ ಕಿಟ್ಟಿ ಹಾಕ್ ಎಂಬ ಕಡಲತೀರದಲ್ಲಿ ಹಾರಾಟದ ಪ್ರಯೋಗ, ಚಳಿಗಾಲದಲ್ಲಿ ಮುಂದಿನ ವರ್ಷದ ಸಿದ್ಧತೆ, ಇದು ಅವರ ವರ್ಷದ ಕ್ರಮವಾಗಿತ್ತು.

ಬೆಂಚಿನ ಮುಂದೆ ನಿಂತವರು

ಅಂಗಡಿಯನ್ನು ಬಿಟ್ಟು ವಾರಗಟ್ಟಲೆ ಕಡಲತೀರದಲ್ಲಿ ಇರಬೇಕಾದರೆ ಹಿಂದೆ ನಂಬಿಕೆಯ ಮನುಷ್ಯನೊಬ್ಬ ಬೇಕು. ಆ ಮನುಷ್ಯರೇ ಚಾರ್ಲ್ಸ್ ಟೇಲರ್. 1868ರಲ್ಲಿ ಇಲಿನಾಯ್ ರಾಜ್ಯದಲ್ಲಿ ಹುಟ್ಟಿ ನೆಬ್ರಾಸ್ಕದಲ್ಲಿ ಬೆಳೆದ ಇವರು ಹೆಂಡತಿಯ ಬಂಧುಗಳಿದ್ದ ಡೇಟನ್ನಿಗೆ ಬಂದು ನೆಲೆಸಿದ್ದರು. ಸಹೋದರರ ಅಂಗಡಿ ಇದ್ದ ಕಟ್ಟಡವೂ ಆ ಬಂಧುಗಳದೇ. 1901ರ ಜೂನ್ ತಿಂಗಳಲ್ಲಿ ವಾರಕ್ಕೆ 18 ಡಾಲರು, ಅಂದರೆ ಗಂಟೆಗೆ 30 ಸೆಂಟು ಕೂಲಿಗೆ ಅಂಗಡಿಗೆ ಸೇರಿದರು. ಹಿಂದಿನ ಕೆಲಸದಲ್ಲಿ ಅವರಿಗೆ ಗಂಟೆಗೆ 25 ಸೆಂಟು ದೊರೆಯುತ್ತಿತ್ತು.

1902ರ ಗ್ಲೈಡರು ಯಶಸ್ವಿಯಾದ ಮೇಲೆ ಎಂಜಿನ್ನಿನ ಪ್ರಶ್ನೆ ಬಂದಿತು. ಹಗುರವಾದ ಎಂಜಿನ್ನು ಬೇಕೆಂದು ಹಲವು ತಯಾರಕರಿಗೆ ಬರೆದರೂ ತಕ್ಕುದು ಸಿಗಲಿಲ್ಲ. ಆಗ ಅದನ್ನು ಸೈಕಲ್ ಅಂಗಡಿಯಲ್ಲೇ ಮಾಡಲು ನಿಶ್ಚಯಿಸಿದರು. ಕೆಲಸ ಟೇಲರ್ ಅವರ ಕೈಗೆ ಬಂದಿತು. ಅದಕ್ಕೆ ಮುಂಚೆ ಒಮ್ಮೆ ಯಾವುದೋ ಕಾರಿನ ಎಂಜಿನ್ನನ್ನು ರಿಪೇರಿ ಮಾಡಲು ಪ್ರಯತ್ನಿಸಿದ್ದಷ್ಟೇ ಅವರ ಅನುಭವ. ಸಿದ್ಧವಾದ ನಕ್ಷೆಗಳಿರಲಿಲ್ಲ. ಒಂದೊಂದು ಭಾಗದ ಚಿತ್ರವನ್ನು ಕಾಗದದ ಚೂರಿನ ಮೇಲೆ ಗೀಚಿ ಬೆಂಚಿನ ಮೇಲ್ಗಡೆಯ ಮೊಳೆಗೆ ಚುಚ್ಚಿಡುವುದು, ಅದನ್ನು ನೋಡಿ ಟೇಲರ್ ಲೋಹದಲ್ಲಿ ರೂಪಿಸುವುದು, ಹೀಗೆ ಕೆಲಸ ಸಾಗಿತು.

ಆ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್ ತಯಾರಾದ ಬಗೆಯನ್ನು ಕೇಳಿದರೆ ಯಾವ ಕುಶಲಕರ್ಮಿಯೂ ತಲೆದೂಗಿಯಾನು. 100 ಪೌಂಡು ತೂಕದ ಗಟ್ಟಿ ಉಕ್ಕಿನ ಹಲಗೆಯ ಮೇಲೆ ಆಕೃತಿಯನ್ನು ಬರೆದು, ಗೆರೆಯುದ್ದಕ್ಕೂ ಒತ್ತೊತ್ತಾಗಿ ತೂತುಗಳನ್ನು ಕೊರೆದು, ಬೇಡವಾದ ಭಾಗವನ್ನು ಉಳಿ ಸುತ್ತಿಗೆಗಳಿಂದ ಬಡಿದು ಬೀಳಿಸಿ, ಉಳಿದುದನ್ನು ಲೇತಿಗೆ ಕೊಟ್ಟು ನಯಗೊಳಿಸಿದರು. ಮುಗಿದಾಗ ಅದರ ತೂಕ 19 ಪೌಂಡು. ಎಂಜಿನ್ನಿನ ಒಡಲನ್ನು ಅಲ್ಯೂಮಿನಿಯಮ್ಮಿನಲ್ಲಿ ಊರಿನ ಎರಕದ ಮನೆಯೊಂದರಲ್ಲಿ ಹೊಯ್ಯಿಸಿದರು. ಆರು ವಾರಗಳಲ್ಲಿ ನಾಲ್ಕು ಸಿಲಿಂಡರಿನ ಎಂಜಿನ್ನು ನಿಂತಿತು. 1903ರ ಫೆಬ್ರವರಿಯ ಪರೀಕ್ಷೆಯಲ್ಲಿ ಮಾರನೆಯ ದಿನವೇ ಅದರ ಒಡಲು ಒಡೆಯಿತು. ಹೊಸ ಎರಕ ಹೊಯ್ಯಿಸಿ ಮತ್ತೆ ಕಟ್ಟಿದರು. ಸಹೋದರರು 8 ಅಶ್ವಶಕ್ತಿಯನ್ನು ಬಯಸಿದ್ದರು. ಟೇಲರ್ ಕಟ್ಟಿದ ಎಂಜಿನ್ನು 12 ಅಶ್ವಶಕ್ತಿಯನ್ನು ಕೊಟ್ಟಿತು.

ಎಂಜಿನ್ನಿನಿಂದ ಎರಡು ಪ್ರೊಪೆಲ್ಲರುಗಳಿಗೆ ಶಕ್ತಿಯನ್ನು ಒಯ್ದದ್ದು ಸೈಕಲ್ಲಿನಲ್ಲಿರುವಂತೆಯೇ ಚೈನು ಮತ್ತು ಹಲ್ಲುಚಕ್ರಗಳು. ಎರಡೂ ಒಂದೇ ದಿಕ್ಕಿಗೆ ತಿರುಗಿದರೆ ಯಂತ್ರ ಒಂದು ಕಡೆಗೆ ಎಳೆಯುವುದರಿಂದ ಒಂದು ಚೈನನ್ನು ಅಡ್ಡ ಹಾಯಿಸಿ ಎಂಟರ ಅಂಕಿಯಂತೆ ಹಾಕಿದರು. ವಿಮಾನ ಓಡಿ ಏಳುವ ಹಳಿಯ ಮೇಲಿನ ಪುಟ್ಟ ಗಾಡಿಗೆ ಹಾಕಿದ್ದು ಸೈಕಲ್ಲಿನ ಹಬ್ಬುಗಳನ್ನು. ಆ ನವೆಂಬರಿನಲ್ಲಿ ಕಡಲತೀರದಲ್ಲಿ ಪ್ರೊಪೆಲ್ಲರಿನ ಶಾಫ್ಟುಗಳು ಎರಡು ಬಾರಿ ಕೈಕೊಟ್ಟವು. ಮೊದಲ ಬಾರಿ ಅವನ್ನು ಡೇಟನ್ನಿಗೆ ಕಳುಹಿಸಿದಾಗ ಟೇಲರ್ ಬಲಪಡಿಸಿ ಹಿಂದಿರುಗಿಸಿದರು; ಎರಡನೆಯ ಬಾರಿ ಆರ್ವಿಲ್ ತಾವೇ ಊರಿಗೆ ಬಂದು ಗಟ್ಟಿ ಉಕ್ಕಿನ ಹೊಸ ಶಾಫ್ಟುಗಳನ್ನು ಒಯ್ದರು. ಹಲ್ಲುಚಕ್ರಗಳು ಸಡಿಲವಾದಾಗ ಅವನ್ನು ನಿಲ್ಲಿಸಿದ್ದು ಸೈಕಲ್ ಟಯರನ್ನು ಅಂಟಿಸುವ ಗಟ್ಟಿ ಅಂಟು!

ಮನೆಯ ಬಾಗಿಲಲ್ಲಿ ನಿಂತವರು

ಅತ್ತ ಕ್ಯಾಥರೀನ್ 1898ರಲ್ಲಿ ಓಬರ್ಲಿನ್ ಕಾಲೇಜಿನಿಂದ ಪದವಿ ಪಡೆದರು. ಆ ಮನೆಯ ಮಕ್ಕಳಲ್ಲಿ ಕಾಲೇಜಿನ ಪದವಿ ಪಡೆದವರು ಅವರೊಬ್ಬರೇ. ಅನಂತರ ಡೇಟನ್ನಿನ ಸ್ಟೀಲ್ ಪ್ರೌಢಶಾಲೆಯಲ್ಲಿ ಲ್ಯಾಟಿನ್ ಉಪಾಧ್ಯಾಯಿನಿಯಾದರು. 1896ರಲ್ಲಿ ಆರ್ವಿಲ್ ವಿಷಮಶೀತಜ್ವರದಿಂದ ವಾರಗಟ್ಟಲೆ ಸಾವಿನ ಅಂಚಿನಲ್ಲಿದ್ದಾಗ, ಕಾಲೇಜಿಗೆ ಹಿಂದಿರುಗುವುದನ್ನು ಮುಂದೂಡಿ ವಿಲ್ಬರರೊಡನೆ ಹಾಸಿಗೆಯ ಪಕ್ಕದಲ್ಲಿ ಕುಳಿತವರು ಇವರೇ.

ತಂಗಿಯೇ ರೆಕ್ಕೆಗಳ ಬಟ್ಟೆಯನ್ನು ಹೊಲಿದುಕೊಟ್ಟಳು, ತನ್ನ ಸಂಬಳದಿಂದ ಪ್ರಯೋಗಗಳಿಗೆ ಹಣ ಒದಗಿಸಿದಳು ಎಂಬ ಕಥೆಗಳು ಬಹಳ ಕಾಲ ಹಬ್ಬಿದ್ದವು. ಇವೆರಡೂ ನಿಜವಲ್ಲ. ಬಟ್ಟೆಯನ್ನು ಹೊಲಿಗೆಯಂತ್ರದಲ್ಲಿ ಹೊಲಿದವರು ಸಹೋದರರೇ. ಹಣ ಬಂದದ್ದು ಅಂಗಡಿಯಿಂದ. ಇಲ್ಲದ ಕಥೆಯನ್ನು ಕಟ್ಟಿ ಗೌರವಿಸುವ ಅಗತ್ಯ ಆಕೆಗಿಲ್ಲ. ಆಕೆ ಮಾಡಿದ ಕೆಲಸ ಬೇರೆ. ಹಗಲು ಶಾಲೆ, ಬೆಳಗು ಬೈಗು ಮನೆ, ಅಣ್ಣಂದಿರು ಕಡಲತೀರದಲ್ಲಿದ್ದಾಗ ಅಂಗಡಿಯ ಮೇಲೊಂದು ಕಣ್ಣು, ಒಂಟಿತನದಲ್ಲಿರುವ ಅವರಿಗೆ ಊರಿನ ಸುದ್ದಿಯನ್ನೂ ಧೈರ್ಯವನ್ನೂ ಹೊತ್ತ ಪತ್ರಗಳು. ಚಾರ್ಲ್ಸ್ ಟೇಲರ್ ಅವರಿಗೂ ಆಕೆಗೂ ಹೊಂದಿಬರಲಿಲ್ಲವೆಂಬುದನ್ನೂ ಇಲ್ಲಿ ಮುಚ್ಚಿಡಬೇಕಾಗಿಲ್ಲ. ಎಲ್ಲವನ್ನೂ ಬಲ್ಲವರಂತೆ ಮಾತನಾಡುವ ಆ ಮೇಸ್ತ್ರಿಯ ಬಗ್ಗೆ ತನಗೆ ಬೇಸರವಾಗಿದೆಯೆಂದು ಆಕೆ ಅಣ್ಣಂದಿರಿಗೆ ಬರೆದದ್ದುಂಟು. ಎಲ್ಲ ಅಂಗಡಿಗಳಲ್ಲೂ ಎಲ್ಲ ಮನೆಗಳಲ್ಲೂ ಇಂತಹ ಮನಸ್ತಾಪಗಳು ಇದ್ದದ್ದೇ. ಅಂಗಡಿ ನಿಲ್ಲಲಿಲ್ಲವೆಂಬುದೇ ಮುಖ್ಯ.

ಆ ಮನೆಯಲ್ಲಿ ಇನ್ನೊಬ್ಬ ಹುಡುಗಿಯಿದ್ದಳು. ಕ್ಯಾರಿ ಕೇಲರ್ ಎಂದು ಆಕೆಯ ಹೆಸರು. 1900ರಲ್ಲಿ ಹದಿನಾಲ್ಕರ ವಯಸ್ಸಿನಲ್ಲಿ ಮನೆಗೆಲಸಕ್ಕೆ ಬಂದವಳು. ಕ್ಯಾಥರೀನ್ ಶಾಲೆಯಲ್ಲಿ ಪಾಠ ಹೇಳಲು ಸಾಧ್ಯವಾದದ್ದು ಈ ಹುಡುಗಿ ಅಡುಗೆಮನೆಯನ್ನು ನೋಡಿಕೊಂಡದ್ದರಿಂದ. ಮುಂದೆ ಮದುವೆಯಾದ ಮೇಲೂ ಆಕೆ ಆ ಕುಟುಂಬವನ್ನು ಬಿಡಲಿಲ್ಲ. 1948ರಲ್ಲಿ ಆರ್ವಿಲ್ ಕಣ್ಣು ಮುಚ್ಚುವವರೆಗೂ ಆ ಮನೆಯನ್ನು ನೋಡಿಕೊಂಡರು.

1903ರ ಡಿಸೆಂಬರ್ 17ರ ಬೆಳಿಗ್ಗೆ ಆರ್ವಿಲ್ 12 ಸೆಕೆಂಡು ಗಾಳಿಯಲ್ಲಿದ್ದು 120 ಅಡಿ ಸಾಗಿದರು. ಅಂದಿನ ನಾಲ್ಕನೆಯ ಹಾರಾಟದಲ್ಲಿ ವಿಲ್ಬರ್ 59 ಸೆಕೆಂಡುಗಳಲ್ಲಿ 852 ಅಡಿ ಸಾಗಿದರು. ಸಂಜೆ ಹಾಥಾರ್ನ್ ಬೀದಿಯ ಮನೆಗೆ ತಂತಿ ಬಂದಾಗ ಬಾಗಿಲಲ್ಲಿ ಅದನ್ನು ಪಡೆದವಳು ರಾತ್ರಿಯಡುಗೆಯಲ್ಲಿ ತೊಡಗಿದ್ದ ಕ್ಯಾರಿ. ಮಾನವನು ಯಂತ್ರದ ಬಲದಿಂದ ಹಾರಿದ ಸುದ್ದಿ ಆ ಮನೆಯಲ್ಲಿ ಮೊದಲು ಮುಟ್ಟಿದ್ದು ಆಕೆಯ ಕೈಯನ್ನು. ಆಕೆ ಅದನ್ನು ಮಹಡಿಯ ಮೇಲಿದ್ದ ಮುದಿ ಬಿಷಪ್ಪರಿಗೆ ಒಯ್ದು ಕೊಟ್ಟಳು. ಕ್ಯಾಥರೀನ್ ಅಣ್ಣ ಲೋರಿನ್ ಅವರ ಮನೆಗೆ ಓಡಿದರು. ಲೋರಿನ್ ಪತ್ರಿಕಾ ಕಚೇರಿಗೆ ಹೋದರು. ತಂತಿಯಲ್ಲಿ 59ರ ಬದಲು 57 ಸೆಕೆಂಡು ಎಂದು ತಪ್ಪಾಗಿ ಬಂದಿತ್ತು. ಅಷ್ಟು ನಿಮಿಷಗಳಾಗಿದ್ದರೆ ಸುದ್ದಿಯಾಗುತ್ತಿತ್ತು, ಸೆಕೆಂಡುಗಳಿಗೆ ಏನು ಬೆಲೆ ಎಂಬ ಅರ್ಥದಲ್ಲಿ ಅಲ್ಲಿನ ವರದಿಗಾರರು ಮಾತನಾಡಿ ಕಳುಹಿಸಿಬಿಟ್ಟರು!

ಕೀರ್ತಿ ಬಂದ ಮೇಲೆ

1904 ಮತ್ತು 1905ರಲ್ಲಿ ಡೇಟನ್ನಿನ ಹತ್ತಿರದ ಹಫ್‌ಮನ್ ಹುಲ್ಲುಗಾವಲಿನಲ್ಲಿ ಪ್ರಯೋಗಗಳು ಮುಂದುವರಿದವು. 1905ರ ಅಕ್ಟೋಬರ್ 5ರಂದು ವಿಲ್ಬರ್ 39 ನಿಮಿಷಗಳಲ್ಲಿ 24 ಮೈಲಿ ಹಾರಿದರು. ಅಲ್ಲಿ ಯಂತ್ರವನ್ನು ಸಜ್ಜುಗೊಳಿಸುತ್ತಿದ್ದವರು ಟೇಲರ್. ಸೈಕಲ್ಲುಗಳ ತಯಾರಿಕೆ ಆ ಹೊತ್ತಿಗೆ ಹಿಂದೆ ಸರಿದಿತ್ತು.

1908ರ ಸೆಪ್ಟೆಂಬರ್ 17ರಂದು ಫೋರ್ಟ್ ಮಯರ್ ಎಂಬ ಸೈನ್ಯಠಾಣೆಯಲ್ಲಿ ಆರ್ವಿಲ್ ನಡೆಸುತ್ತಿದ್ದ ವಿಮಾನ ನೆಲಕ್ಕಪ್ಪಳಿಸಿತು. ಜೊತೆಯಲ್ಲಿದ್ದ ಲೆಫ್ಟಿನೆಂಟ್ ಥಾಮಸ್ ಸೆಲ್‌ಫ್ರಿಜ್ ತೀರಿಕೊಂಡರು. ವಿಮಾನ ಅಪಘಾತದಲ್ಲಿ ಪ್ರಾಣ ಕಳೆದುಕೊಂಡ ಮೊದಲಿಗರು ಅವರು. ಮುರಿದ ಕಡ್ಡಿ ತಂತಿಗಳ ನಡುವಿನಿಂದ ಗಾಯಾಳುಗಳನ್ನು ಹೊರಗೆಳೆದವರಲ್ಲಿ ಟೇಲರ್ ಒಬ್ಬರು. ಸುದ್ದಿ ಮುಟ್ಟಿದೊಡನೆ ಕ್ಯಾಥರೀನ್ ಶಾಲೆಗೆ ರಜೆ ಹೇಳಿ ರೈಲು ಹತ್ತಿದರು. ಆರು ವಾರಗಳಿಗೂ ಹೆಚ್ಚು ಕಾಲ ಆಸ್ಪತ್ರೆಯಲ್ಲಿ ಅಣ್ಣನ ಬಳಿ ಇದ್ದರು. ಆಕೆ ಮತ್ತೆ ಉಪಾಧ್ಯಾಯಿನಿಯಾಗಿ ಹಿಂದಿರುಗಲೇ ಇಲ್ಲ. ಪ್ರೀತಿಯ ವೃತ್ತಿಯನ್ನು ಹೀಗೆ ಸದ್ದಿಲ್ಲದೆ ಬಿಟ್ಟವರು ನಮ್ಮ ಮನೆಗಳಲ್ಲಿಯೂ ಎಷ್ಟು ಮಂದಿ ಇದ್ದಾರೆ! 1909ರಲ್ಲಿ ಅಣ್ಣನೊಡನೆ ಫ್ರಾನ್ಸಿಗೆ ಹೋದರು. ಅಲ್ಲಿ ವಿಲ್ಬರರೊಡನೆ ತಾವೂ ಹಾರಿದರು. 1914ರಲ್ಲಿ ಡೇಟನ್ನಿನಲ್ಲಿ ಮಹಿಳೆಯರ ಮತದಾನದ ಹಕ್ಕಿಗಾಗಿ ಮೆರವಣಿಗೆ ಹೊರಟಾಗ ಆಕೆಯೊಡನೆ ಆರ್ವಿಲ್ಲರೂ ವೃದ್ಧ ತಂದೆಯೂ ಹೆಜ್ಜೆ ಹಾಕಿದರು.

1912ರ ಮೇ 30ರಂದು ವಿಲ್ಬರ್ ವಿಷಮಶೀತಜ್ವರದಿಂದ ತೀರಿಕೊಂಡರು, ವಯಸ್ಸು 45. ತಂದೆ 1917ರಲ್ಲಿ ಹೋದರು. ದೊಡ್ಡ ಮನೆಯಲ್ಲಿ ಅಣ್ಣ ತಂಗಿ ಇಬ್ಬರೇ ಉಳಿದರು. 1926ರ ನವೆಂಬರಿನಲ್ಲಿ ಐವತ್ತೆರಡರ ವಯಸ್ಸಿನಲ್ಲಿ ಕ್ಯಾಥರೀನ್ ತಮ್ಮ ಕಾಲೇಜಿನ ದಿನಗಳ ಪರಿಚಿತರೂ ಪತ್ರಿಕಾ ಸಂಪಾದಕರೂ ಆದ ಹೆನ್ರಿ ಹ್ಯಾಸ್ಕೆಲ್ ಅವರನ್ನು ಮದುವೆಯಾದರು. ಆರ್ವಿಲ್ ಮದುವೆಗೆ ಹೋಗಲಿಲ್ಲ. ತಂಗಿಯೊಡನೆ ಮಾತನ್ನೇ ನಿಲ್ಲಿಸಿದರು. ತನಗಾಗಿ ಎರಡು ಬಾರಿ ಸಾವಿನೊಡನೆ ಸೆಣಸಿದ ತಂಗಿ ತನ್ನ ಬದುಕನ್ನು ತಾನು ಆರಿಸಿಕೊಂಡದ್ದನ್ನು ಆ ಮಹಾಪುರುಷರಿಗೆ ಸಹಿಸಲಾಗಲಿಲ್ಲ. 1929ರ ಆರಂಭದಲ್ಲಿ ಆಕೆಗೆ ನ್ಯುಮೋನಿಯಾ ತಗಲಿದಾಗಲೂ ಅವರು ಹಿಂಜರಿದರು. ಲೋರಿನ್ ಒತ್ತಾಯಿಸಿದ ಮೇಲೆ ಕೊನೆಯ ಗಳಿಗೆಯಲ್ಲಿ ಹೋದರು. ಮಾರ್ಚ್ 3ರಂದು ಆಕೆ ತೀರಿಕೊಂಡರು. ಗಾಳಿಯಲ್ಲಿ ಸಮತೋಲವನ್ನು ಕಂಡವರಿಗೆ ಮನೆಯೊಳಗಿನ ಸಮತೋಲ ಕೈತಪ್ಪಿತೆಂಬುದು ಈ ವೃತ್ತಾಂತದ ಅತ್ಯಂತ ನೋವಿನ ಭಾಗ.

ಟೇಲರ್ ಅವರ ಪಾಲಿಗೆ ಬಂದದ್ದೇನು? 1911ರಲ್ಲಿ ಕ್ಯಾಲ್‌ಬ್ರೇತ್ ರಾಜರ್ಸ್ ಎಂಬ ವೈಮಾನಿಕರು ಅಮೆರಿಕ ಖಂಡವನ್ನು ಅಡ್ಡ ಹಾರಿದಾಗ ಅದೇ ಮಾರ್ಗದಲ್ಲಿ ರೈಲಿನಲ್ಲಿ ಹೋಗುತ್ತ ಅವರ ವಿಮಾನವನ್ನು ಮತ್ತೆ ಮತ್ತೆ ಸರಿಪಡಿಸುತ್ತ ಬಂದರು. ಮುಂದೆ ಕ್ಯಾಲಿಫೋರ್ನಿಯಾ ಸೇರಿ ಜಮೀನಿನ ಮೇಲೆ ಹಾಕಿದ ಹಣವನ್ನು ಆರ್ಥಿಕ ಕುಸಿತದ ವರ್ಷಗಳಲ್ಲಿ ಕಳೆದುಕೊಂಡರು. ಲಾಸ್ ಏಂಜಲೀಸಿನ ವಿಮಾನ ಕಾರ್ಖಾನೆಯೊಂದರಲ್ಲಿ ಗಂಟೆಗೆ 37 ಸೆಂಟು ಕೂಲಿಗೆ ದುಡಿಯುತ್ತಿದ್ದರು. ಮೊದಲ ವಿಮಾನದ ಎಂಜಿನ್ನನ್ನು ಕಟ್ಟಿದವರು ತಮ್ಮ ಪಕ್ಕದ ಬೆಂಚಿನಲ್ಲಿದ್ದಾರೆಂಬುದು ಅಲ್ಲಿನ ಕೆಲಸಗಾರರಿಗೆ ತಿಳಿದಿರಲಿಲ್ಲ; ಅವರು ಹೇಳಿಕೊಳ್ಳಲಿಲ್ಲ.

1936ರಲ್ಲಿ ಕಾರು ತಯಾರಕರಾದ ಹೆನ್ರಿ ಫೋರ್ಡ್ ಅವರು 1127ನೆಯ ನಂಬರಿನ ಆ ಅಂಗಡಿಯ ಕಟ್ಟಡವನ್ನು ಕೊಂಡು, ಮನೆಯನ್ನೂ ಪಡೆದು, ಎರಡನ್ನೂ ಮಿಷಿಗನ್ ರಾಜ್ಯದ ಡಿಯರ್‌ಬಾರ್ನಿನಲ್ಲಿದ್ದ ತಮ್ಮ ಗ್ರೀನ್‌ಫೀಲ್ಡ್ ವಿಲೇಜ್ ಎಂಬ ವಸ್ತುಸಂಗ್ರಹ ಗ್ರಾಮಕ್ಕೆ ಸಾಗಿಸಿದರು. ಅಂಗಡಿ ಹೇಗಿತ್ತು, ಯಾವ ಯಂತ್ರ ಎಲ್ಲಿತ್ತು ಎಂಬುದನ್ನು ತಿಳಿಯಲು ಟೇಲರ್ ಅವರನ್ನು ಹುಡುಕಿ ಕರೆಸಿಕೊಂಡರು. 1938ರ ಏಪ್ರಿಲ್ 16ರಂದು ಅದರ ಉದ್ಘಾಟನೆಯಾಯಿತು. ಹಲಗೆಯ ಮೇಲಿಲ್ಲದ ಹೆಸರಿಗೆ ದೊರೆತ ಮೊದಲ ಗೌರವವೆಂದು ಇದನ್ನು ಹೇಳಬಹುದು.

ಆರ್ವಿಲ್ ತಮ್ಮ ಮರಣಪತ್ರದಲ್ಲಿ ಟೇಲರ್ ಅವರಿಗೆ ವರ್ಷಕ್ಕೆ 800 ಡಾಲರುಗಳ ವರ್ಷಾಶನವನ್ನು ಬರೆದಿಟ್ಟಿದ್ದರು. ಹಳೆಯ ಒಡನಾಡಿಯನ್ನು ಅವರು ಮರೆಯಲಿಲ್ಲವೆಂಬುದಕ್ಕೆ ಇದು ಸಾಕ್ಷಿ. ಆದರೆ ಏರುತ್ತಿದ್ದ ಬೆಲೆಗಳ ನಡುವೆ ಅದು ಸಾಲದಾಯಿತು. ಹೃದಯಾಘಾತದಿಂದ ದುಡಿಯುವ ಶಕ್ತಿಯೂ ಹೋಗಿತ್ತು. 1955ರಲ್ಲಿ ಲಾಸ್ ಏಂಜಲೀಸಿನ ಆಸ್ಪತ್ರೆಯೊಂದರ ಧರ್ಮಾರ್ಥ ವಾರ್ಡಿನಲ್ಲಿ ಪತ್ರಕರ್ತರೊಬ್ಬರು ಅವರನ್ನು ಕಂಡುಹಿಡಿದರು. ವಿಮಾನೋದ್ಯಮದವರು ಹಣ ಕೂಡಿಸಿ ಒಳ್ಳೆಯ ಆರೈಕೆಗೆ ವ್ಯವಸ್ಥೆ ಮಾಡಿದರು. 1956ರ ಜನವರಿ 30ರಂದು, ಆರ್ವಿಲ್ ತೀರಿಕೊಂಡು ಸರಿಯಾಗಿ ಎಂಟು ವರ್ಷಗಳು ತುಂಬಿದ ದಿನ, ಅವರು 87ನೆಯ ವಯಸ್ಸಿನಲ್ಲಿ ಕಾಲವಾದರು. ಇಂದು ಅಮೆರಿಕದಲ್ಲಿ ಅವರ ಜನ್ಮದಿನವಾದ ಮೇ 24ನ್ನು ವಿಮಾನಗಳ ನಿರ್ವಹಣೆ ಮಾಡುವ ಮೆಕ್ಯಾನಿಕ್ಕುಗಳ ದಿನವಾಗಿ ಆಚರಿಸುತ್ತಾರೆ. ಐವತ್ತು ವರ್ಷ ಆ ವೃತ್ತಿಯಲ್ಲಿ ದುಡಿದವರಿಗೆ ಅಲ್ಲಿನ ವಿಮಾನಯಾನ ಆಡಳಿತ ಕೊಡುವ ಪ್ರಶಸ್ತಿಗೆ ಟೇಲರ್ ಅವರ ಹೆಸರೇ ಇದೆ. ದಕ್ಷಿಣ ವಿಲಿಯಮ್ಸ್ ಬೀದಿಯ ಅಂಗಡಿ ಡೇಟನ್ನಿನಲ್ಲಿಯೇ ಉಳಿದಿದ್ದು, 1992ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಐತಿಹಾಸಿಕ ಉದ್ಯಾನದ ಭಾಗವಾಗಿದೆ.

ನಮಗೊಂದು ಮಾತು

ಇಷ್ಟನ್ನೂ ಹೇಳಿದ್ದು ವಿಲ್ಬರ್ ಆರ್ವಿಲ್ಲರ ಹಿರಿಮೆಯನ್ನು ಕುಗ್ಗಿಸಲಿಕ್ಕಲ್ಲ. ಹಾರಾಟದ ತತ್ತ್ವವನ್ನು ಕಂಡವರು ಅವರೇ. ಜೀವವನ್ನು ಪಣಕ್ಕಿಟ್ಟವರೂ ಅವರೇ. ದೀಪದ ಕೀರ್ತಿ ದೀಪಕ್ಕೆ ಸಲ್ಲಲಿ. ಬತ್ತಿಗೂ ಎಣ್ಣೆಗೂ ಸಲ್ಲಬೇಕಾದುದನ್ನು ಮರೆಯಬಾರದು ಎಂಬುದಷ್ಟೇ ನನ್ನ ಅರಿಕೆ.

ನಮ್ಮಲ್ಲಿ ಅಂಗಡಿ, ಗಿರಣಿ, ವ್ಯಾಪಾರಗಳನ್ನು ನಡೆಸುವ ಮನೆತನಗಳು ಬಹಳ. ಅಂಗಡಿಯ ಇಪ್ಪತ್ತೈದನೆಯ, ಐವತ್ತನೆಯ ವರ್ಷವನ್ನು ಸಂಭ್ರಮದಿಂದ ಆಚರಿಸುತ್ತೇವೆ. ಹಿರಿಯರ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ. ಆಗ ಎರಡು ಪ್ರಶ್ನೆಗಳನ್ನು ನಾವೇ ಕೇಳಿಕೊಳ್ಳುವುದು ಒಳ್ಳೆಯದು. ಮೂವತ್ತು ವರ್ಷ ಗಲ್ಲೆಯ ಆಚೆ ನಿಂತು ದುಡಿದ ಕೆಲಸಗಾರರ ಮುಪ್ಪಿಗೆ ನಾವು ಏನು ಏರ್ಪಾಡು ಮಾಡಿದ್ದೇವೆ? ಅದು ಇಂದಿನ ಬೆಲೆಗಳಿಗೆ ಸಾಲುತ್ತದೆಯೇ? ಓದನ್ನೋ ಉದ್ಯೋಗವನ್ನೋ ಬಿಟ್ಟು ಮನೆಯನ್ನು ಎತ್ತಿ ಹಿಡಿದ ಅಕ್ಕತಂಗಿಯರು ತಮಗಾಗಿ ಏನನ್ನಾದರೂ ಬಯಸಿದ ದಿನ ನಾವು ಅವರ ಜೊತೆ ನಿಂತೆವೇ? ಆರ್ವಿಲ್ಲರಂತಹ ದೊಡ್ಡವರೂ ಮೊದಲ ಪ್ರಶ್ನೆಗೆ ಅರ್ಧ ಉತ್ತರವನ್ನು ಕೊಟ್ಟರು. ಎರಡನೆಯದಕ್ಕೆ ಉತ್ತರ ಕೊಡುವ ವೇಳೆಗೆ ತಡವಾಗಿತ್ತು.

ಮನೆಗೆ ಮಕ್ಕಳನ್ನು ಕರೆದು ನಿಮ್ಮ ಅಂಗಡಿಯ ಕಥೆಯನ್ನು ಹೇಳುವಾಗ ಹಲಗೆಯ ಮೇಲಿಲ್ಲದ ಹೆಸರುಗಳನ್ನೂ ಹೇಳಿರಿ. ಆ ಹೆಸರಿನವರು ಇನ್ನೂ ಇದ್ದರೆ ಈ ವಾರವೇ ಒಮ್ಮೆ ಅವರ ಮನೆಗೆ ಹೋಗಿ ಬನ್ನಿರಿ.